ಹಳೆಯದಕ್ಕೆ ಎಸ್‌ಎಸ್‌ಡಿಯೋ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೋ, ಹೊಸದೋ, ಡೆಸ್ಕ್‌ಟಾಪೋ?

ಕಂಪ್ಯೂಟರ್ ಕುಂಟಲು ಶುರುವಾದರೆ ಎದುರಿಗೆ ನಾಲ್ಕು ದಾರಿಗಳಿರುತ್ತವೆ. ಇರುವುದಕ್ಕೇ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್), ರ‍್ಯಾಮ್ (ಓಡುತ್ತಿರುವ ಕೆಲಸದ ತಾತ್ಕಾಲಿಕ ಮೆಮೊರಿ) ಹಾಕಿಸುವುದು ಒಂದು. ಕಚೇರಿಗಳಲ್ಲಿ ದುಡಿದು ಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವುದು ಇನ್ನೊಂದು. ಅಗ್ಗದ ಹೊಸ ಲ್ಯಾಪ್‌ಟಾಪ್ ಮೂರನೆಯದು, ಡೆಸ್ಕ್‌ಟಾಪ್ ಕೊನೆಯದು. ಬಹಳಷ್ಟು ಜನ ಇವನ್ನು ತೂಗುವುದು ಬೆಲೆ ನೋಡಿ, ಜೊತೆಗೆ ‘ಐ5, 8 ಜಿಬಿ, 512’ ಎಂದು ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಹೇಳುವ ಒಂದು ಸಾಲು ನೋಡಿ. ಮುಖ್ಯವಾದ ಸಂಗತಿಗಳು ಆ ಸಾಲಿನಲ್ಲಿ ಇರುವುದೇ ಇಲ್ಲ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಇದರಲ್ಲಿ ಆಮೇಲೆ ಬದಲಾಯಿಸಲು ಆಗದ್ದು ಯಾವುದು? ಲ್ಯಾಪ್‌ಟಾಪಿನ ಪ್ರೊಸೆಸರ್ ಮದರ್‌ಬೋರ್ಡಿಗೆ ಬೆಸುಗೆಯಾಗಿರುತ್ತದೆ. ತೆಳು ಮಾಡೆಲ್‌ಗಳಲ್ಲಿ ರ‍್ಯಾಮ್ ಕೂಡ ಹಾಗೆಯೇ. ಪರದೆ ಬದಲಿಸಬಹುದಾದರೂ ಖರ್ಚು ಜಾಸ್ತಿ. ಎಸ್‌ಎಸ್‌ಡಿ, ಬ್ಯಾಟರಿ, ಸ್ಲಾಟಿನಲ್ಲಿರುವ ರ‍್ಯಾಮ್, ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿ ಹೊರಸಾಗಿಸುವ ಲೇಪ) ಇವೆಲ್ಲ ಬದಲಾಗುವಂಥವು. ಹಾಗಾಗಿ 256 ಜಿಬಿ ಎಸ್‌ಎಸ್‌ಡಿ ಚಿಕ್ಕದಾಯಿತೆಂದು ಒಳ್ಳೆಯ ಯಂತ್ರವನ್ನು ಬಿಡುವುದೂ ತಪ್ಪು, 1 ಟಿಬಿ ಇದೆ ಎಂದು ಹಳೆ ಪ್ರೊಸೆಸರಿಗೆ ದುಡ್ಡು ಸುರಿಯುವುದೂ ತಪ್ಪು.

ಎರಡನೆಯದು ಸೆಕ್ಯುರಿಟಿ ಅಪ್‌ಡೇಟ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿ ಇರಬೇಕು. ಪ್ರೊಸೆಸರ್ ಇಂಟೆಲ್ ಆದರೆ ಬೆರಳೆಣಿಕೆಯ ಅಪವಾದ ಬಿಟ್ಟು 8ನೇ ತಲೆಮಾರು ಅಥವಾ ನಂತರದ್ದು, ಎಎಂಡಿ ಆದರೆ ಡೆಸ್ಕ್‌ಟಾಪಿನಲ್ಲಿ ಕೆಲವು ಬಿಟ್ಟು ರೈಜನ್ 2000 ಸರಣಿ, ಲ್ಯಾಪ್‌ಟಾಪಿನಲ್ಲಿ ರೈಜನ್ 3000 ಸರಣಿ ಅಥವಾ ನಂತರದ್ದು ಆಗಿರಬೇಕು. ಈ ಗೆರೆಗಿಂತ ಹಳೆಯ ಯಂತ್ರಗಳು ಅಗ್ಗವಾಗಿ ಮಾರಾಟಕ್ಕೆ ಬಂದಿರುವುದಕ್ಕೆ ಇದೂ ಒಂದು ಕಾರಣ. ವಿಂಡೋಸ್ ಬದಲು ಲಿನಕ್ಸ್ ಹಾಕುವವರಿಗೆ ಈ ಗೆರೆ ಅನ್ವಯಿಸುವುದಿಲ್ಲ.

ಮೂರನೆಯದು ಕೆಲಸ. ಬ್ರೌಸರ್, ಟೈಪಿಂಗ್, ವಿಡಿಯೋ ಕಾಲ್‌ಗೆ 8 ಜಿಬಿ ರ‍್ಯಾಮ್ ಸಾಕು. ಇಪ್ಪತ್ತು ಟ್ಯಾಬ್ ತೆರೆದಿಡುವವರು, ಕೋಡ್ ಬರೆಯುವವರು, ಫೋಟೋ ತಿದ್ದುವವರು 16 ಜಿಬಿಗಿಂತ ಕೆಳಗೆ ಇಳಿಯಬಾರದು. ನಾಲ್ಕನೆಯದು ಒಟ್ಟು ಖರ್ಚು: ಯಂತ್ರದ ಬೆಲೆಯ ಜೊತೆಗೆ ಬ್ಯಾಟರಿ, ಎಸ್‌ಎಸ್‌ಡಿ, ಚಾರ್ಜರ್, ಬ್ಯಾಕಪ್ ಡಿಸ್ಕು ಎಲ್ಲ ಸೇರಿಸಿ ಲೆಕ್ಕ ಹಾಕಬೇಕು. ಬ್ಯಾಕಪ್ ಡಿಸ್ಕನ್ನು ಬಜೆಟ್ಟಿನ ಹೊರಗಿಟ್ಟವರು ಸಾಮಾನ್ಯವಾಗಿ ಅದನ್ನು ಕೊಳ್ಳುವುದೇ ಇಲ್ಲ.

ಇರುವುದನ್ನೇ ರಿಪೇರಿ ಮಾಡಿಸಿದರೆ

ನಿಮ್ಮ ಯಂತ್ರದಲ್ಲಿ ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ ಬೇರೇನೂ ಯೋಚಿಸುವ ಮೊದಲು ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಏನೂ ಮಾಡದೇ ಇದ್ದಾಗಲೂ ಡಿಸ್ಕ್ 100 ಶೇಕಡಾ ತೋರಿಸುತ್ತಾ, ಪ್ರೊಸೆಸರ್ 10–20ರಲ್ಲೇ ಇದ್ದರೆ ರೋಗ ಡಿಸ್ಕಿನದು. ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ವ್ಯತ್ಯಾಸ ಕಾಣುವುದು ಇಲ್ಲೇ. ಹಾರ್ಡ್ ಡಿಸ್ಕ್ ಸಾಲಾಗಿ ಓದುವಾಗ ಸೆಕೆಂಡಿಗೆ 100 ಎಂಬಿ ಆಸುಪಾಸಿನಲ್ಲಿದ್ದರೆ ಸಾಟಾ (ಹಾರ್ಡ್ ಡಿಸ್ಕೂ ಬಳಸುವ ಹಳೆಯ ಸಂಪರ್ಕ) ಎಸ್‌ಎಸ್‌ಡಿ 550 ಎಂಬಿ ಮುಟ್ಟುತ್ತದೆ. ಆದರೆ ನಮಗೆ ಗೊತ್ತಾಗುವ ವೇಗ ಅದಲ್ಲ. ಚದುರಿದ ಸಣ್ಣ ಸಣ್ಣ ಫೈಲ್‌ಗಳನ್ನು ಹೆಕ್ಕುವಾಗ ಹಾರ್ಡ್ ಡಿಸ್ಕಿನ ತಲೆ ಪ್ರತಿ ಸಲವೂ ಜಾಗಕ್ಕೆ ಓಡಬೇಕು, ಎಸ್‌ಎಸ್‌ಡಿಗೆ ಆ ಓಡಾಟವೇ ಇಲ್ಲ. ಇದೇ ಕಾರಣಕ್ಕೆ ಸಾಟಾದಿಂದ ಇನ್ನೂ ವೇಗದ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಗೆ ಹೋದಾಗ ಅಂಕಿ ಆರೇಳು ಪಟ್ಟು ಏರಿದರೂ ದಿನಬಳಕೆಯಲ್ಲಿ ಅಷ್ಟು ಬೆರಗಾಗುವುದಿಲ್ಲ.

ಕೊಳ್ಳುವ ಮುನ್ನ ಹಿಂಬದಿ ಕವರ್ ತೆಗೆದು ನೋಡಿ, ಅಥವಾ ಮಾಡೆಲ್ಲಿನ ಸರ್ವೀಸ್ ಮ್ಯಾನ್ಯುಯಲ್ ಓದಿ. 2.5 ಇಂಚಿನ ಜಾಗ ಇದ್ದರೆ 7 ಮಿಮೀ ದಪ್ಪದ ಸಾಟಾ ಎಸ್‌ಎಸ್‌ಡಿ ಸಾಕು. ಎಂ.2 ಸ್ಲಾಟ್ (ಕಡ್ಡಿಯಾಕಾರದ ಎಸ್‌ಎಸ್‌ಡಿ ಕೂರುವ ಜಾಗ) ಇದ್ದರೆ ಎಚ್ಚರ: ಎರಡು ಕಚ್ಚುಗಳಿರುವ ಸಾಟಾ ಎಂ.2 ಕಡ್ಡಿ ಎನ್‌ವಿಎಂಇಗೆ ಮಾತ್ರ ಮಾಡಿದ ಸ್ಲಾಟಿನೊಳಗೂ ಸಲೀಸಾಗಿ ಕೂರುತ್ತದೆ, ಆದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್ ಪುಟ) ಕಾಣಿಸುವುದೇ ಇಲ್ಲ. ಉದ್ದವನ್ನೂ ನೋಡಿ. 2280 ಎಂದರೆ 22 ಮಿಮೀ ಅಗಲ, 80 ಮಿಮೀ ಉದ್ದ. ಕೆಲವು ಯಂತ್ರಗಳು 2242 ಅಥವಾ 2230 ಮಾತ್ರ ಹಿಡಿಸುತ್ತವೆ.

ರ‍್ಯಾಮ್ ಕಡೆ ಎಡವುವುದು ಡಿಡಿಆರ್3 (ಹಳೆಯ ಬಗೆಯ ರ‍್ಯಾಮ್) ಕಾಲದ ಯಂತ್ರಗಳಲ್ಲಿ. ಇಂಟೆಲ್ 4ನೇ ತಲೆಮಾರು ಮತ್ತು ನಂತರದ ಅನೇಕ ಲ್ಯಾಪ್‌ಟಾಪ್‌ಗಳು 1.35 ವೋಲ್ಟಿನ ಡಿಡಿಆರ್3ಎಲ್ ಮಾತ್ರ ಒಪ್ಪುತ್ತವೆ. 1.5 ವೋಲ್ಟಿನದು ಸ್ಲಾಟಿನಲ್ಲಿ ಕೂತರೂ ಪರದೆ ಹೊತ್ತುವುದಿಲ್ಲ. ಇನ್ನೊಂದು ವಿಷಯ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಬಳಸುವ ಯಂತ್ರದಲ್ಲಿ ಒಂದೇ 8 ಜಿಬಿ ಕಡ್ಡಿಗಿಂತ 4+4 ಚೆನ್ನಾಗಿ ಓಡುತ್ತದೆ, ಯಾಕೆಂದರೆ ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ.

ಈ ದಾರಿ ಯಾವಾಗ ಬೇಡ? ಪ್ರೊಸೆಸರ್ 7ನೇ ತಲೆಮಾರಿನದೋ ಅದಕ್ಕೂ ಹಿಂದಿನದೋ ಆಗಿದ್ದು, ವಿಂಡೋಸೇ ಬೇಕು ಎಂದಾದರೆ. ಬ್ಯಾಟರಿ, ಕೀಬೋರ್ಡ್, ಹಿಂಜ್ ಮೂರೂ ಕೈಕೊಟ್ಟಿದ್ದರೂ ಬೇಡ. ಆಗ ಹಾಕುವ ದುಡ್ಡಿಗೆ ಮುಂದಿನ ದಾರಿಯ ಅರ್ಧ ಬಂದುಬಿಡುತ್ತದೆ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್

ಕಂಪನಿಗಳು ಲೀಸ್ ಮುಗಿದ ಮೇಲೆ ಮೂರ್ನಾಲ್ಕು ವರ್ಷದ ಯಂತ್ರಗಳನ್ನು ಒಟ್ಟಿಗೆ ಹೊರಹಾಕುತ್ತವೆ. ಲೆನೊವೊ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಈ ಬಗೆಯವು. ಮನೆಬಳಕೆಗೆಂದೇ ಮಾಡಿದ ಅಗ್ಗದ ಮಾಡೆಲ್‌ಗಳಿಗಿಂತ ಇವುಗಳ ಹಿಂಜ್ ಗಟ್ಟಿ, ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಪ್ರತಿ ಸ್ಕ್ರೂ ತೋರಿಸುವ ಸರ್ವೀಸ್ ಮ್ಯಾನ್ಯುಯಲ್ ತಯಾರಕರ ಜಾಲತಾಣದಲ್ಲೇ ಇರುತ್ತದೆ. ಬಜೆಟ್ ಬಿಗಿ ಇರುವವರಿಗೆ ನನ್ನ ಮೊದಲ ಸಲಹೆ ಯಾವಾಗಲೂ ಇದೇ.

ಪ್ರೊಸೆಸರ್ ಹೆಸರು ಓದುವುದನ್ನು ಕಲಿತರೆ ಅರ್ಧ ಕೆಲಸ ಮುಗಿಯಿತು. ‘ಐ5’ ಎಂದಷ್ಟೇ ಹೇಳುವ ಮಾರಾಟಗಾರ ಏನನ್ನೂ ಹೇಳಿದಂತಾಗಲಿಲ್ಲ. ಐ5-7200ಯು (7ನೇ ತಲೆಮಾರು) ಎರಡು ಕೋರ್ (ಪ್ರೊಸೆಸರಿನೊಳಗಿನ ಕೆಲಸದ ಘಟಕ), ನಾಲ್ಕು ಥ್ರೆಡ್ (ಒಟ್ಟಿಗೆ ಓಡಬಲ್ಲ ಕೆಲಸದ ಎಳೆ). ಅದೇ ವಿದ್ಯುತ್ತಿನಲ್ಲಿ ಓಡುವ ಐ5-8250ಯು (8ನೇ ತಲೆಮಾರು) ನಾಲ್ಕು ಕೋರ್, ಎಂಟು ಥ್ರೆಡ್. 2017ರಲ್ಲಿ ಬಂದ ಈ ಜಿಗಿತ ಮತ್ತು ವಿಂಡೋಸ್ 11ರ ಗೆರೆ ಎರಡೂ ಒಂದೇ ಕಡೆ ಬೀಳುವುದರಿಂದ 8ನೇ ತಲೆಮಾರು ಕೆಳಗಿನ ಮಿತಿ ಎಂದಿಟ್ಟುಕೊಳ್ಳಿ. ಎಎಂಡಿಯಲ್ಲಿ ಇನ್ನೊಂದು ಬಲೆ ಇದೆ: ರೈಜನ್ 5 5500ಯು ಹೆಸರಿಗೆ 5000 ಸರಣಿ, ಒಳಗಿರುವುದು ಜೆನ್ 2 (ಜೆನ್ ಎಂಬುದು ಎಎಂಡಿಯ ಪ್ರೊಸೆಸರ್ ವಿನ್ಯಾಸದ ಹೆಸರು). ರೈಜನ್ 5 5600ಯು ಜೆನ್ 3. ನೂರರ ವ್ಯತ್ಯಾಸ ಒಂದು ಇಡೀ ಪೀಳಿಗೆಯದು.

ಮಾಡೆಲ್ಲಿನ ಕೊನೆಯ ಅಕ್ಷರವೂ ಮುಖ್ಯ. ಥಿಂಕ್‌ಪ್ಯಾಡ್ ಟಿ480ರಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್. ಟಿ480ಎಸ್‌ನಲ್ಲಿ ಒಂದಷ್ಟು ರ‍್ಯಾಮ್ ಬೆಸುಗೆಯಾಗಿದ್ದು, ಸ್ಲಾಟ್ ಒಂದೇ. ಎಕ್ಸ್1 ಕಾರ್ಬನ್‌ನಲ್ಲಿ ಎಲ್ಲವೂ ಬೆಸುಗೆ. ಹಾಗಾಗಿ 8 ಜಿಬಿಯ ಟಿ480 ಕೊಳ್ಳಬಹುದು, 8 ಜಿಬಿಯ ಎಕ್ಸ್1 ಕಾರ್ಬನ್ ಕೊಳ್ಳುವ ಮುನ್ನ ಎರಡು ಸಲ ಯೋಚಿಸಬೇಕು. ಅದೇ ಟಿ480 1366×768ರ ಮಂಕು ಪರದೆಯೊಂದಿಗೂ ಬಂದಿದೆ, 1920×1080ರ ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಕೆಡದ) ಪರದೆಯೊಂದಿಗೂ ಬಂದಿದೆ. ಜಾಹೀರಾತಿನ ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಯಂತ್ರ ಕೈಗೆ ಸಿಕ್ಕಾಗ ಮೊದಲು ನೋಡಬೇಕಾದದ್ದು ಬೀಗ. ಪುನಃ ಸ್ಟಾರ್ಟ್ ಮಾಡಿ ಬಯಾಸ್ ಒಳಗೆ ಹೋಗಿ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಕೈಬಿಡಿ. ಬ್ಯಾಟರಿ ಕಿತ್ತರೆ ಅಳಿದುಹೋಗುವ ಕಾಲ ಮುಗಿದಿದೆ. ಒಳಗೆ ಹೋಗಲು ಆದರೆ ಸೆಕ್ಯುರಿಟಿ ಪುಟದಲ್ಲಿ ಆಬ್ಸಲ್ಯೂಟ್ ಅಥವಾ ಕಂಪ್ಯೂಟ್ರೇಸ್ ಎಂಬ ಜಾಗ ‘ಆಕ್ಟಿವೇಟೆಡ್’ ಎಂದಿದೆಯೇ ನೋಡಿ. ಇದ್ದರೆ ಯಂತ್ರ ಇನ್ನೂ ಹಳೆ ಕಂಪನಿಯ ಕಣ್ಗಾವಲಿನಲ್ಲಿದೆ ಎಂದೇ ಅರ್ಥ. ಆಮೇಲೆ ವಿಂಡೋಸ್ ರೀಸೆಟ್ ಮಾಡಿಸಿ, ಸೆಟಪ್ ಹೊತ್ತಿನಲ್ಲಿ ಇಂಟರ್ನೆಟ್ ಕೊಡಿ. ನಿಮ್ಮ ಖಾತೆ ಕೇಳುವ ಬದಲು ಯಾವುದೋ ಕಂಪನಿಯ ಹೆಸರು ಹಾಕಿ ಲಾಗಿನ್ ಕೇಳಿದರೆ ಅದು ಆಟೋಪೈಲಟ್ (ಕಂಪನಿಗಳು ತಮ್ಮ ಯಂತ್ರಗಳನ್ನು ಹಿಡಿತದಲ್ಲಿಡುವ ಮೈಕ್ರೋಸಾಫ್ಟ್ ವ್ಯವಸ್ಥೆ) ನೋಂದಣಿ. ಇದು ಯಂತ್ರದ ಹಾರ್ಡ್‌ವೇರ್ ಗುರುತಿಗೇ ಅಂಟಿಕೊಂಡಿರುತ್ತದೆ, ಹೊಸ ಎಸ್‌ಎಸ್‌ಡಿ ಹಾಕಿದರೂ ಹೋಗುವುದಿಲ್ಲ. ತೆಗೆಯಬೇಕಾದವರು ಆ ಕಂಪನಿಯವರೇ. ಇಂಟರ್ನೆಟ್ ಇಲ್ಲದೆ ಸೆಟಪ್ ಮುಗಿಸಿ ತೋರಿಸುವ ಮಾರಾಟಗಾರನ ಬಳಿ ಈ ಪರೀಕ್ಷೆಯನ್ನು ಪಟ್ಟುಹಿಡಿದು ಮಾಡಿಸಿ.

ಬ್ಯಾಟರಿಗೆ, ಕಮಾಂಡ್ ಪ್ರಾಂಪ್ಟಿನಲ್ಲಿ powercfg /batteryreport ಎಂಬ ಆಜ್ಞೆ ಓಡಿಸಿ. ಬರುವ ವರದಿಯಲ್ಲಿ ಎರಡು ಅಂಕಿ ಸಾಕು: ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ. ಎರಡನೆಯದು ಮೊದಲನೆಯದರ ಶೇಕಡಾ 80ರ ಮೇಲಿದ್ದರೆ ಚೆನ್ನಾಗಿದೆ, 60ರ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ. ಟಚ್‌ಪ್ಯಾಡ್ ಉಬ್ಬಿದೆಯೇ, ಕ್ಲಿಕ್ ಬಿಗಿಯಾಗಿದೆಯೇ, ತಳದ ಕವರ್ ಬಾಯಿ ಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡಿ. ಹಾಗಿದ್ದರೆ ಒಳಗಿನ ಬ್ಯಾಟರಿ ಊದಿದೆ, ಚಾರ್ಜಿಗೆ ಹಾಕಲೇಬಾರದು.

ಡಿಸ್ಕಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ). ಹಾರ್ಡ್ ಡಿಸ್ಕಾದರೆ 05, ಸಿ5, ಸಿ6 ಸಾಲುಗಳ (ಕೆಟ್ಟ ಜಾಗಗಳ ಲೆಕ್ಕ) ಕಚ್ಚಾ ಅಂಕಿ ಸೊನ್ನೆ ಇರಬೇಕು. ಎನ್‌ವಿಎಂಇ ಆದರೆ ‘ಪರ್ಸೆಂಟೇಜ್ ಯೂಸ್ಡ್’ ನೋಡಿ. ಅದು 100 ಮುಟ್ಟಿದರೆ ಡಿಸ್ಕ್ ಸತ್ತಿತು ಎಂದಲ್ಲ, ತಯಾರಕರು ಲೆಕ್ಕ ಹಾಕಿದ ಆಯಸ್ಸು ಮುಗಿಯಿತು ಎಂದರ್ಥ. ಇಲ್ಲಿಯ ಅಂಕಿ ಕೆಟ್ಟಿದ್ದರೆ ಯಂತ್ರ ಬಿಡಬೇಕಿಲ್ಲ, ಡಿಸ್ಕ್ ಬದಲಿಸಿದರಾಯಿತು.

ಚಾರ್ಜರ್ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನು ಯಾರೂ ನೋಡುವುದಿಲ್ಲ. ದುಂಡು ಪಿನ್ನಿನ ಡೆಲ್ ಚಾರ್ಜರ್ ನಡುವಿನ ಸಣ್ಣ ಸೂಜಿಯ ಮೂಲಕ ತನ್ನ ಗುರುತು ಮತ್ತು ವ್ಯಾಟೇಜನ್ನು ಲ್ಯಾಪ್‌ಟಾಪಿಗೆ ಹೇಳುತ್ತದೆ. ಸೂಜಿ ಬಾಗಿದ್ದರೆ, ಚಾರ್ಜರ್ ನಕಲಿಯಾಗಿದ್ದರೆ, ಗುರುತು ಸಿಗದೆ ಲ್ಯಾಪ್‌ಟಾಪ್ ಬ್ಯಾಟರಿ ತುಂಬುವುದನ್ನು ನಿಲ್ಲಿಸುತ್ತದೆ, ಪ್ರೊಸೆಸರಿನ ವೇಗವನ್ನೂ ಕೆಳಗಿಳಿಸಿಬಿಡುತ್ತದೆ. ‘ಇದು ತುಂಬ ಸ್ಲೋ’ ಎಂದು ಅಗ್ಗಕ್ಕೆ ಬಂದ ಕೆಲವು ಯಂತ್ರಗಳ ಕಾಯಿಲೆ ಇಷ್ಟೇ. ಯುಎಸ್‌ಬಿ-ಸಿ ಚಾರ್ಜಿಂಗ್ ಇರುವುದಾದರೆ ಎರಡೂ ಪೋರ್ಟಿಗೆ ಹಾಕಿ, ಕೇಬಲ್ಲನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ.

ಉಳಿದದ್ದು ಬೇಗ ಮುಗಿಯುತ್ತದೆ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ತೆರೆದು ಪರದೆಯ ಕಲೆ ಹುಡುಕಿ. ನೋಟ್‌ಪ್ಯಾಡಿನಲ್ಲಿ ಪ್ರತಿ ಕೀ ಒತ್ತಿ. ಹತ್ತು ನಿಮಿಷ ಭಾರವಾದ ಕೆಲಸ ಓಡಿಸಿ, ಫ್ಯಾನ್ ಗರಗರ ಎನ್ನುತ್ತದೆಯೇ, ಯಂತ್ರ ತಾನಾಗಿ ಆಫ್ ಆಗುತ್ತದೆಯೇ ನೋಡಿ. ಆಫ್ ಆದರೆ ಬರೀ ಧೂಳೂ ಒಣಗಿದ ಪೇಸ್ಟೂ ಇರಬಹುದು, ಮದರ್‌ಬೋರ್ಡೂ ಇರಬಹುದು. ಅಲ್ಲೇ ನಿಂತು ಬೇರ್ಪಡಿಸಿ ಹೇಳಲು ಆಗದು, ಹಾಗಾಗಿ ಕೊಳ್ಳಬೇಡಿ.

ಮ್ಯಾಕ್‌ಬುಕ್ ನೋಡುತ್ತಿರುವವರು ಇಂಟೆಲ್ ಮಾಡೆಲ್‌ಗಳನ್ನು ಬಿಟ್ಟು 2020ರ ಎಂ1 ಅಥವಾ ನಂತರದ್ದಕ್ಕೇ ಹೋಗಿ. 2025ರಲ್ಲಿ ಬಂದ ಮ್ಯಾಕ್‌ಓಎಸ್ 26 ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು ಎಂದು ಆಪಲ್ ಹೇಳಿಯಾಗಿದೆ. ರ‍್ಯಾಮ್ ಹೆಚ್ಚಿಸಲು ದಾರಿಯಿಲ್ಲ, ಎಷ್ಟಿದೆಯೋ ಅಷ್ಟೇ. ಮಾರುವವರ ಎದುರಿಗೇ ಅಳಿಸಿ, ಆಕ್ಟಿವೇಷನ್ ಲಾಕ್ (ಹಳೆ ಮಾಲೀಕರ ಆಪಲ್ ಖಾತೆಯ ಬೀಗ) ಬಾರದೆ ಹೊಸ ಸೆಟಪ್ ಪುಟ ಬಂದ ಮೇಲೆ ಹಣ ಕೊಡಿ. ಬಳಸಿದ ಗೇಮಿಂಗ್ ಲ್ಯಾಪ್‌ಟಾಪ್ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ವರ್ಷಗಟ್ಟಲೆ ಬಿಸಿಯಲ್ಲಿ ದುಡಿದ ಗ್ರಾಫಿಕ್ಸ್ ಚಿಪ್ ಬೋರ್ಡಿಗೇ ಅಂಟಿರುತ್ತದೆ, ಅದು ಹೋದರೆ ಯಂತ್ರವೇ ಹೋದಂತೆ.

ಅಗ್ಗದ ಹೊಸ ಲ್ಯಾಪ್‌ಟಾಪ್

ಇದರ ಬಲ ಮೂರು: ವಾರಂಟಿ, ಹೊಸ ಬ್ಯಾಟರಿ, ಮುಂದೆ ಹೆಚ್ಚು ವರ್ಷ ಸಿಗುವ ಅಪ್‌ಡೇಟ್. ಯಂತ್ರ ಕೆಟ್ಟರೆ ಬಿಚ್ಚಿ ನೋಡುವ ಆಸಕ್ತಿ ಇಲ್ಲದವರಿಗೆ, ಹತ್ತಿರದಲ್ಲಿ ನಂಬುವಂಥ ರಿಪೇರಿಯವರು ಇಲ್ಲದವರಿಗೆ ಇದೇ ನೆಮ್ಮದಿ. ಕಷ್ಟ ಏನೆಂದರೆ ಅತಿ ಕೆಳಗಿನ ಬೆಲೆಯಲ್ಲಿ ಕಡಿತವಾಗುವುದೆಲ್ಲ ಬದಲಾಯಿಸಲಾಗದ ಭಾಗಗಳಲ್ಲೇ. 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿ ಬದಲಿಗೆ ಹಾಕುವ ಅಗ್ಗದ ಶೇಖರಣಾ ಚಿಪ್) ಇರುವ ಯಂತ್ರ ಬೇಡವೇ ಬೇಡ. ಅದು ಬೋರ್ಡಿಗೆ ಬೆಸುಗೆಯಾಗಿರುತ್ತದೆ, ವಿಂಡೋಸ್ ದೊಡ್ಡ ಅಪ್‌ಡೇಟ್ ಬಂದಾಗ ಜಾಗ ಸಾಲದೆ ಒದ್ದಾಡುತ್ತದೆ. ಎರಡು ಕೋರಿನ ಸೆಲೆರಾನ್ ಎನ್4020ಗಿಂತ ಬಳಸಿದ ಐ5-8250ಯು ಎಷ್ಟೋ ಮೇಲು.

ಹೆಸರಿನ ಆಟ ಇಲ್ಲಿ ಇನ್ನೂ ಜೋರು. ರೈಜನ್ 7000 ಸರಣಿಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಮೂರನೇ ಅಂಕಿ ಒಳಗಿನ ವಿನ್ಯಾಸವನ್ನು ಹೇಳುತ್ತದೆ. 7520ಯು ಎಂದರೆ ಜೆನ್ 2, 7530ಯು ಎಂದರೆ ಜೆನ್ 3. 7520ಯು ಇರುವ ಯಂತ್ರಗಳಲ್ಲಿ ರ‍್ಯಾಮ್ ಬೆಸುಗೆಯದೇ, ಆದ್ದರಿಂದ 8 ಜಿಬಿ ಕೊಂಡವರು ಕೊನೆತನಕ 8 ಜಿಬಿಯಲ್ಲೇ ಇರಬೇಕು. ಇಂಟೆಲ್‌ನ ಐ3-ಎನ್305ರಲ್ಲಿ ಎಂಟು ಕೋರ್ ಎಂದು ದೊಡ್ಡದಾಗಿ ಬರೆದಿರುತ್ತಾರೆ, ಎಂಟೂ ಮಿತವ್ಯಯದ ಸಣ್ಣ ಕೋರ್‌ಗಳು. ಹಗುರ ಕೆಲಸಕ್ಕೆ ತೊಂದರೆಯಿಲ್ಲ, ಮಾಮೂಲಿ ಐ3 ಎಂದು ತಿಳಿದು ಕೊಳ್ಳಬಾರದು ಅಷ್ಟೇ.

ಹೊಸದು ಕೊಳ್ಳುವುದೇ ಆದರೆ 1080ಪಿ ಐಪಿಎಸ್ ಪರದೆ, ಎನ್‌ವಿಎಂಇ ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್ ಅಥವಾ ಕನಿಷ್ಠ ಒಂದು ಖಾಲಿ ಸ್ಲಾಟ್ ಇರಲಿ. ಇಷ್ಟು ಬಜೆಟ್ಟಿಗೆ ಹಿಡಿಸದಿದ್ದರೆ ಹಿಂದಿನ ದಾರಿಗೆ ಮರಳಿ.

ಡೆಸ್ಕ್‌ಟಾಪ್

ಯಂತ್ರ ಮೇಜು ಬಿಟ್ಟು ಕದಲುವುದಿಲ್ಲ ಎಂದಾದರೆ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಶಕ್ತಿ ಸಿಗುವುದು ಇಲ್ಲಿ. ಮಾನಿಟರ್, ಕೀಬೋರ್ಡ್ ಮೊದಲೇ ಇದ್ದರೆ ಬಳಸಿದ ಮಿನಿ ಪಿಸಿ ನೋಡಿ: ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ. ಪುಸ್ತಕದಷ್ಟು ಗಾತ್ರ, ಸದ್ದಿಲ್ಲ, ಪ್ರೊಸೆಸರ್ ಹೆಸರಿನ ಕೊನೆಗೆ ‘ಟಿ’ ಇದ್ದರೆ 35 ವ್ಯಾಟಿನದು. ಸ್ವಲ್ಪ ದೊಡ್ಡ ಆಫೀಸ್ ಡೆಸ್ಕ್‌ಟಾಪ್ ಕೊಂಡು ಆಮೇಲೆ ಗ್ರಾಫಿಕ್ಸ್ ಕಾರ್ಡ್ ಹಾಕುತ್ತೇನೆ ಎನ್ನುವವರು ಮುಚ್ಚಳ ತೆಗೆದು ಪವರ್ ಸಪ್ಲೈ ನೋಡಬೇಕು. ಈ ಕಂಪನಿಗಳ ಅನೇಕ ಮಾಡೆಲ್‌ಗಳಲ್ಲಿ 24 ಪಿನ್ನಿನ ಮಾಮೂಲಿ ಕನೆಕ್ಟರ್ ಬದಲು ತಮ್ಮದೇ ಆಕಾರದ ಪ್ಲಗ್ ಇರುತ್ತದೆ, ಮಾರುಕಟ್ಟೆಯ ಸಪ್ಲೈ ಹಾಗೆಯೇ ಕೂರುವುದಿಲ್ಲ.

ಬಿಡಿಭಾಗ ತಂದು ಜೋಡಿಸುವವರು ಯಾವುದನ್ನು ಹಳೆಯದು ಕೊಳ್ಳಬಹುದು? ಪ್ರೊಸೆಸರ್, ರ‍್ಯಾಮ್, ಕ್ಯಾಬಿನೆಟ್ ಧಾರಾಳವಾಗಿ. ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಐ7, ಐ9ಗಳು ಮತ್ತು ಐ5ರ 13600ಕೆ, 14600ಕೆ ಮಾತ್ರ ಇದಕ್ಕೆ ಹೊರತು. ಅವು ಹೆಚ್ಚು ವೋಲ್ಟೇಜಿನಿಂದ ಒಳಗೊಳಗೇ ಸವೆಯುವ ದೋಷಕ್ಕೆ ಇಂಟೆಲ್ 2024ರಲ್ಲಿ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ತಂತ್ರಾಂಶ) ತಿದ್ದುಪಡಿ ಬಿಡುಗಡೆ ಮಾಡಿತು, ಆದರೆ ಅದಕ್ಕೂ ಮೊದಲು ಸವೆದದ್ದು ಸರಿಹೋಗುವುದಿಲ್ಲ. ಎಎಂಡಿಯ ಎಎಂ4 ಸಾಕೆಟ್ಟಿನ ಪ್ರೊಸೆಸರ್‌ಗಳ ಪಿನ್ನು ಚಿಪ್ಪಿನ ಅಡಿಯಲ್ಲೇ ಇರುತ್ತವೆ, ಬಾಗಿವೆಯೇ ಎಂದು ಓರೆಯಾಗಿ ಹಿಡಿದು ನೋಡಿ. ಇಂಟೆಲ್ ಬಳಸುವಂಥ ಎಲ್‌ಜಿಎ ಬೋರ್ಡುಗಳಲ್ಲಿ ಪಿನ್ನು ಸಾಕೆಟ್ಟಿನಲ್ಲಿ, ಅದರ ಹತ್ತಿರದ ಫೋಟೋ ಕೇಳಿ. ಪವರ್ ಸಪ್ಲೈ ಮತ್ತು ಹಾರ್ಡ್ ಡಿಸ್ಕ್ ಹೊಸದೇ ಇರಲಿ. ಸಪ್ಲೈ ಮೇಲಿನ ‘80 ಪ್ಲಸ್’ ಮುದ್ರೆ ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದರ ಅಳತೆ, ಒಳಗಿನ ಭಾಗಗಳ ಗುಣಮಟ್ಟದ್ದಲ್ಲ. ಕರೆಂಟ್ ಹೋಗಿ ಬಂದು ಮಾಡುವ ಜಾಗವಾದರೆ ಯುಪಿಎಸ್ ಖರ್ಚನ್ನೂ ಸೇರಿಸಿ, ಲ್ಯಾಪ್‌ಟಾಪಿಗೆ ಅದು ಬೇಕಾಗುವುದಿಲ್ಲ.

ಯಾವುದು ಕೊಂಡರೂ ಬ್ಯಾಕಪ್ ಎಲ್ಲಿಗೆ?

ಹಳೆ ಯಂತ್ರವಾದರೆ ಇದು ಇನ್ನಷ್ಟು ತುರ್ತು. ಎಸ್‌ಎಸ್‌ಡಿ ಹೋಗುವಾಗ ಹಾರ್ಡ್ ಡಿಸ್ಕಿನ ಹಾಗೆ ಟಿಕ್ ಟಿಕ್ ಎಂದು ಮುನ್ಸೂಚನೆ ಕೊಡದೆಯೇ ಹೋಗಬಹುದು. ಅಳಿಸಿದ ಫೈಲನ್ನು ಟ್ರಿಮ್ (ಖಾಲಿ ಜಾಗವನ್ನು ಶುಚಿಮಾಡಲು ಎಸ್‌ಎಸ್‌ಡಿಗೆ ಹೋಗುವ ಆಜ್ಞೆ) ಒರೆಸಿಬಿಡುವುದರಿಂದ ಮರಳಿ ತೆಗೆಯುವುದೂ ಬಹುಮಟ್ಟಿಗೆ ಅಸಾಧ್ಯ.

ಪೋರ್ಟಬಲ್ ಹಾರ್ಡ್ ಡಿಸ್ಕ್ ಪ್ರತಿ ಜಿಬಿಗೆ ಅತಿ ಅಗ್ಗ. ಬಿದ್ದರೆ ಕೆಡುತ್ತದೆ, ದೊಡ್ಡ ಕಾಪಿ ಮಧ್ಯದಲ್ಲಿ ನಿಧಾನವಾಗುತ್ತದೆ (ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ಬಗೆಯ ಡಿಸ್ಕುಗಳ ಗುಣ ಅದು), ಆದರೂ ವಾರಕ್ಕೊಮ್ಮೆ ಹಚ್ಚಿ ತೆಗೆದಿಡುವ ಬ್ಯಾಕಪ್‌ಗೆ ಇದೇ ಸೂಕ್ತ. ಕೆಲವು ಮಾಡೆಲ್‌ಗಳಲ್ಲಿ ಯುಎಸ್‌ಬಿ ಜಾಗ ಡಿಸ್ಕಿನ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಪೋರ್ಟ್ ಮುರಿದರೆ ಡಿಸ್ಕನ್ನು ಬೇರೆ ಪೆಟ್ಟಿಗೆಗೆ ಹಾಕಿ ಓದಲಾಗದು. ಪೋರ್ಟಬಲ್ ಎಸ್‌ಎಸ್‌ಡಿ ಬ್ಯಾಗಿನಲ್ಲಿ ಒಯ್ಯುವವರಿಗೆ ಒಳ್ಳೆಯದು. ವರ್ಷಗಟ್ಟಲೆ ಕರೆಂಟ್ ಕಾಣದೆ ಬೀರುವಿನಲ್ಲಿ ಇಡುವುದಕ್ಕೆ ಅಲ್ಲ, ಏಕೆಂದರೆ ಅದರಲ್ಲಿ ಮಾಹಿತಿ ನಿಂತಿರುವುದು ವಿದ್ಯುದಂಶದ ರೂಪದಲ್ಲಿ, ಅದು ನಿಧಾನವಾಗಿ ಸೋರುತ್ತದೆ. ಪೆನ್ ಡ್ರೈವ್ ಸಾಗಿಸಲು ಮಾತ್ರ. ನಂಬಲಾಗದಷ್ಟು ಅಗ್ಗದ 2 ಟಿಬಿ ಪೆನ್ ಡ್ರೈವ್ ಸಿಕ್ಕರೆ ಎಚ್2ಟೆಸ್ಟ್‌ಡಬ್ಲ್ಯೂ (H2testw) ಎಂಬ ತಂತ್ರಾಂಶ ಓಡಿಸಿ ನೋಡಿ, ನಿಜವಾದ ಗಾತ್ರ ಹೊರಬೀಳುತ್ತದೆ.

ಕ್ಲೌಡ್ ಬೆಂಕಿ, ಕಳ್ಳತನ ಎರಡರಿಂದಲೂ ಕಾಯುತ್ತದೆ, ಬೆಲೆ ಮಾತ್ರ ತಿಂಗಳು ತಿಂಗಳು ಕಟ್ಟಬೇಕು. ಆದರೆ ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಕೆಡಿಸಿದ್ದೂ ಹಾಗೆಯೇ ಮೇಲೇರುತ್ತದೆ. ಹಳೆಯ ಆವೃತ್ತಿಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂದು ನೋಡಿಯೇ ಯೋಜನೆ ಆರಿಸಿ. ಎನ್‌ಎಎಸ್ (ಮನೆಯ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಮನೆಯಲ್ಲಿ ನಾಲ್ಕೈದು ಯಂತ್ರಗಳಿದ್ದರೆ ಮಾತ್ರ ಲಾಭ. ಅದರೊಳಗಿನ ರೇಡ್ (ಹಲವು ಡಿಸ್ಕುಗಳನ್ನು ಒಟ್ಟುಗೂಡಿಸುವ ಏರ್ಪಾಡು) ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲದಂತೆ ಕಾಯುತ್ತದೆ, ತಪ್ಪಾಗಿ ಅಳಿಸಿದ ಫೋಲ್ಡರನ್ನು ಕಾಯುವುದಿಲ್ಲ.

ಬಹುತೇಕರಿಗೆ ಸಾಲುವ ಏರ್ಪಾಡು: ಎಲ್ಲ ಫೈಲ್‌ಗಳಿಗೆ ಒಂದು ಹಾರ್ಡ್ ಡಿಸ್ಕ್, ಕಳೆದುಹೋದರೆ ಮತ್ತೆ ಸಿಗದ ಫೋಟೋ ಮತ್ತು ದಾಖಲೆಗಳಿಗೆ ಕ್ಲೌಡ್. ಡಿಸ್ಕನ್ನು ಸದಾ ಹಚ್ಚಿಡಬೇಡಿ, ಹಚ್ಚಿಟ್ಟದ್ದನ್ನು ರ‍್ಯಾನ್ಸಮ್‌ವೇರ್ ಕೂಡ ತಲುಪುತ್ತದೆ. ವಿಂಡೋಸಿನ ರೋಬೋಕಾಪಿ ಆಜ್ಞೆಯ ಮಿರರ್ (ಮೂಲದ ತದ್ರೂಪು ಮಾಡುವ ಆಯ್ಕೆ) ಬಳಸುವವರು ಮೂಲದ ಡ್ರೈವ್ ಅಕ್ಷರವನ್ನು ಎರಡು ಸಲ ಓದಿ ಒತ್ತಬೇಕು. ಮೂಲ ಖಾಲಿ ಫೋಲ್ಡರಾಗಿದ್ದರೆ ಅದು ಬ್ಯಾಕಪ್ಪನ್ನೂ ಅಷ್ಟೇ ನಿಷ್ಠೆಯಿಂದ ಖಾಲಿ ಮಾಡುತ್ತದೆ.

ವಿಂಡೋಸ್ 11 ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದಾಗ ಅನೇಕ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಗೂಢಲಿಪೀಕರಣ) ಬೀಗಕ್ಕೆ ಒಳಗಾಗುತ್ತದೆ. ಮುಂದೆ ಮದರ್‌ಬೋರ್ಡ್ ಸತ್ತರೆ ಆ ಎಸ್‌ಎಸ್‌ಡಿಯನ್ನು ಬೇರೆ ಯಂತ್ರಕ್ಕೆ ಹಾಕಿ ಓದಲು 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ಸೆಟಪ್ ಮುಗಿದ ದಿನವೇ ಖಾತೆಯ ಪುಟದಲ್ಲಿ ಅದು ಉಳಿದಿದೆಯೇ ನೋಡಿ, ಒಂದು ಪ್ರತಿಯನ್ನು ಕಾಗದದ ಮೇಲೆ ಬರೆದು ಯಂತ್ರದ ಬಿಲ್ಲಿನ ಜೊತೆ ಇಡಿ.